ಪೈಥಾನ್: ರಸೀದಿ ನಂಬರಿನ ಇಟರೇಟರ್ ಬಿಳಿ ಹಾಳೆಗೆ ಸರಿ, ಗುಲಾಬಿ ಹಾಳೆಗೆ ಖಾಲಿ. ಯಾಕೆ?

ಗದಗ_ಬಿಲ್‌ಬುಕ್:

ಎಲ್ಲರಿಗೂ ನಮಸ್ಕಾರ. ಗದಗದಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇದೆ. ಮದುವೆ ಕಾರ್ಡಿನ ಸೀಸನ್ ಮುಗಿಯಿತೆಂದರೆ ನಮ್ಮ ಹೊಟ್ಟೆ ತುಂಬಿಸುವುದು ಬಿಲ್ ಬುಕ್ಕು, ರಸೀದಿ ಪುಸ್ತಕಗಳೇ. ನಂಬರ್ ಹೊಡೆಯುವ ಹಳೇ ನಂಬರಿಂಗ್ ಮೆಷಿನ್ ಇದೆ, ಆದರೆ ಚಕ್ರ ಸವೆದು 7 ಬರಬೇಕಾದ ಕಡೆ ಅರ್ಧ 7, ಅರ್ಧ 8 ಬರುತ್ತದೆ. ರಿಪೇರಿ ಮಾಡುವವರು ಈಗ ಸಿಗುವುದಿಲ್ಲ. ಅದಕ್ಕೇ ಸಣ್ಣ ಆರ್ಡರ್‌ಗಳನ್ನು ನಂಬರ್ ಸಮೇತ ಲೇಸರ್ ಪ್ರಿಂಟರಿನಲ್ಲೇ ತೆಗೆದುಬಿಡೋಣ ಅಂತ ಪೈಥಾನ್ ಸ್ಕ್ರಿಪ್ಟ್ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಬಿ.ಕಾಂ., ಪೈಥಾನ್ ಕಲಿತದ್ದು ರಾತ್ರಿ ಅಂಗಡಿ ಮುಚ್ಚಿದ ಮೇಲೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಉತ್ತರ ಕೊಡಿ.

ಕೆಲಸ ಇಷ್ಟು. ಒಂದು ದೇವಸ್ಥಾನದ ಟ್ರಸ್ಟ್‌ಗೆ ಸೇವಾ ರಸೀದಿ ಬೇಕು. 1001ರಿಂದ 1950ರವರೆಗೆ, ಪುಸ್ತಕಕ್ಕೆ 50 ನಂಬರ್, ಒಟ್ಟು 19 ಪುಸ್ತಕ. ಡೂಪ್ಲಿಕೇಟ್: ಬಿಳಿ ಹಾಳೆ ಭಕ್ತರ ಕೈಗೆ, ಗುಲಾಬಿ ಹಾಳೆ ಪುಸ್ತಕದಲ್ಲೇ ಉಳಿಯಬೇಕು. ಒಂದು ಎ4 ಹಾಳೆಯಲ್ಲಿ ನಾಲ್ಕು ರಸೀದಿ ಕೂರುತ್ತವೆ.

ಪ್ರೆಸ್ಸಿನ ಕಡೆ ತಲೆ ಹಾಕದವರಿಗೆ ಒಂದು ಮಾತು. ಒಂದೇ ಹಾಳೆಯಲ್ಲಿ 1001, 1002, 1003, 1004 ಅಂತ ಹೊಡೆದರೆ, ಕಟಿಂಗ್ ಆದ ಮೇಲೆ ಒಂದೊಂದು ಕಟ್ಟಿನಲ್ಲೂ ನಂಬರ್ ನಾಲ್ಕು ನಾಲ್ಕು ಹಾರಿರುತ್ತವೆ: 1001, 1005, 1009... ಆಮೇಲೆ ನೆಲದ ಮೇಲೆ ಕೂತು ಒಂದೊಂದೇ ಜೋಡಿಸಬೇಕು. ಅದರ ಬದಲು ಮೊದಲನೇ ಹಾಳೆಯಲ್ಲಿ 1001, 1239, 1477, 1715. ಎರಡನೇ ಹಾಳೆಯಲ್ಲಿ 1002, 1240, 1478, 1716. ಹೀಗೆ ಹೊಡೆದರೆ ಕತ್ತರಿಸಿದ ನಾಲ್ಕು ಕಟ್ಟುಗಳನ್ನು ಒಂದರ ಕೆಳಗೊಂದು ಇಟ್ಟರೆ ಸಾಕು, ನಂಬರ್ ತಾನೇ ಸಾಲಾಗುತ್ತದೆ. 950ನ್ನು 4ರಿಂದ ಭಾಗಿಸಿದರೆ 237.5. ಹಾಗಾಗಿ 238 ಹಾಳೆ.

ಕೋಡನ್ನು ಫೋನಿನ ಕನ್ನಡ ಕೀಬೋರ್ಡಿನಲ್ಲೇ ಹೊಡೆಯುತ್ತಿದ್ದೇನೆ, ಕೀವರ್ಡ್‌ಗಳನ್ನು ನೀವೇ ಇಂಗ್ಲಿಷಿಗೆ ತಂದುಕೊಳ್ಳಿ:

    ಕ್ಲಾಸ್ ಹಾಳೆಗಳು:
        ಡೆಫ್ __ಇನಿಟ್__(ಸೆಲ್ಫ್):
            ಸೆಲ್ಫ್.ಈಗ = 0
        ಡೆಫ್ __ಇಟರ್__(ಸೆಲ್ಫ್):
            ರಿಟರ್ನ್ ಸೆಲ್ಫ್
        ಡೆಫ್ __ನೆಕ್ಸ್ಟ್__(ಸೆಲ್ಫ್):
            ಇಫ್ ಸೆಲ್ಫ್.ಈಗ == 238:
                ರೇಸ್ ಸ್ಟಾಪ್‌ಇಟರೇಷನ್
            ಸಾಲು = [1001 + ಸೆಲ್ಫ್.ಈಗ + 238 * ಕ ಫಾರ್ ಕ ಇನ್ ರೇಂಜ್(4)]
            ಸೆಲ್ಫ್.ಈಗ += 1
            ರಿಟರ್ನ್ ಸಾಲು

ಹಾಳೆ = ಹಾಳೆಗಳು() ಅಂತ ಒಮ್ಮೆ ಮಾಡಿಕೊಂಡು, ಅದರ ಮೇಲೆ ಎರಡು ಫಾರ್ ಲೂಪ್ ಓಡಿಸುತ್ತೇನೆ. ಮೊದಲನೆಯದು ಬಿಳಿ ಪಿಡಿಎಫ್, ಎರಡನೆಯದು ಗುಲಾಬಿ ಪಿಡಿಎಫ್. ಬಿಳಿ ಅಚ್ಚುಕಟ್ಟಾಗಿ ಬರುತ್ತದೆ. ಗುಲಾಬಿಯಲ್ಲಿ ಒಂದು ಪುಟವೂ ಇಲ್ಲ. ಎರರ್ ಬಂದರೆ ಅದನ್ನಾದರೂ ಹಿಡಿದುಕೊಂಡು ಹುಡುಕಬಹುದಿತ್ತು, ಅದೂ ಇಲ್ಲ, ಸುಮ್ಮನೆ ಮುಗಿದುಬಿಡುತ್ತದೆ. ನಡುವೆ ಇನ್ನೊಮ್ಮೆ ಹಾಳೆ = ಹಾಳೆಗಳು() ಅಂತ ಬರೆದರೆ ಸರಿಹೋಗುತ್ತದೆ. ಆದರೆ ಪೈಥಾನಿನದೇ ರೇಂಜ್ ಮೇಲೆ ಎಷ್ಟು ಸಲ ಬೇಕಾದರೂ ಲೂಪ್ ಓಡಿಸಬಹುದಲ್ಲ, ನನ್ನದಕ್ಕೆ ಮಾತ್ರ ಏನು ರೋಗ?

ಇನ್ನೊಂದು ಪ್ರಶ್ನೆ. ನಡುವೆ ಪೇಪರ್ ಜಾಮ್ ಆದರೆ ಆ ಹಾಳೆಯಿಂದ ಮುಂದಕ್ಕೆ ಮಾತ್ರ ತೆಗೆಯಬೇಕು. ಈಗಂತೂ ಮೊದಲಿನಿಂದ ನೆಕ್ಸ್ಟ್, ನೆಕ್ಸ್ಟ್ ಅಂತ ಎಣಿಸಿಕೊಂಡೇ ಬರಬೇಕಾಗಿದೆ.

ಯೀಲ್ಡ್_ಆಚಾರಿ:

ನಿಮ್ಮ ಮೊದಲ ಪ್ರಶ್ನೆಯ ಕೊನೆಯ ಸಾಲಿನಲ್ಲೇ, ರೇಂಜ್ ಮಾತಿನಲ್ಲಿ, ಉತ್ತರದ ತುದಿ ಇದೆ. ಪೈಥಾನ್ ಶೆಲ್ ತೆರೆದು ನೆಕ್ಸ್ಟ್(ರೇಂಜ್(5)) ಅಂತ ಹೊಡೆದು ನೋಡಿ. ಟೈಪ್‌ಎರರ್ ಬರುತ್ತದೆ, ರೇಂಜ್ ಆಬ್ಜೆಕ್ಟ್ ಇಟರೇಟರ್ ಅಲ್ಲ ಅಂತ. ಇಟರೇಟರ್ ಅಂದರೆ ನೆಕ್ಸ್ಟ್ ಅಂತ ಕೇಳಿದಾಗಲೆಲ್ಲ ಮುಂದಿನದೊಂದನ್ನು ಕೊಡುವಂಥದ್ದು. ಬಹಳ ಜನಕ್ಕೆ ಇದು ಆಶ್ಚರ್ಯ. ರೇಂಜ್ ಇಟರೇಟರ್ ಅಲ್ಲವೇ ಅಲ್ಲ. ಅದು ಮೊದಲು, ಕೊನೆ, ಹೆಜ್ಜೆ ಅನ್ನುವ ಮೂರು ಸಂಖ್ಯೆ ಇಟ್ಟುಕೊಂಡು ಕೂತಿರುವ ಒಂದು ಸರಣಿ, ಅಷ್ಟೇ. ಫಾರ್ ಲೂಪ್ ಶುರುವಾದಾಗಲೆಲ್ಲ ಪೈಥಾನ್ ಅದರ __ಇಟರ್__ ಅನ್ನು ಕರೆಯುತ್ತದೆ, ಅದು ಪ್ರತಿ ಸಲ ಹೊಸದೊಂದು ಇಟರೇಟರ್ ಕೊಡುತ್ತದೆ. ಎಲ್ಲಿಗೆ ಬಂದಿದ್ದೇವೆ ಅನ್ನುವ ಲೆಕ್ಕ ಇರುವುದು ಆ ಹೊಸದರಲ್ಲಿ, ರೇಂಜ್‌ನಲ್ಲಿ ಅಲ್ಲ.

ನಿಮ್ಮ ಕ್ಲಾಸಿನಲ್ಲಿ ಎರಡನ್ನೂ ಒಂದೇ ಮಾಡಿದ್ದೀರಿ. __ಇಟರ್__ ತನ್ನನ್ನೇ ಹಿಂತಿರುಗಿಸುತ್ತದೆ, ಲೆಕ್ಕವೂ ಅದರೊಳಗೇ ಇದೆ. ನಿಮ್ಮ ನಂಬರಿಂಗ್ ಮೆಷಿನ್ ಹಾಗೆಯೇ: ಬಿಳಿ ಹಾಳೆ ಮುಗಿದಾಗ ಚಕ್ರ ಕೊನೇ ನಂಬರಿಗೆ ಬಂದು ನಿಂತಿದೆ, ಗುಲಾಬಿ ಹಾಳೆ ಇಟ್ಟಾಗ ಯಾರೂ ಅದನ್ನು 1001ಕ್ಕೆ ತಿರುಗಿಸಿಲ್ಲ. ಎರರ್ ಬರದಿರುವುದಕ್ಕೂ ಕಾರಣ ಇದೆ. ಇಟರೇಟರ್‌ಗಳ ಈ ಕರಾರು ಪೆಪ್ 234 ಅನ್ನುವ ಪೈಥಾನ್ ಸುಧಾರಣೆಯ ಪ್ರಸ್ತಾವದಲ್ಲಿ ಬಂದದ್ದು, ಜಾರಿಯಾದದ್ದು 2001ರ ಪೈಥಾನ್ 2.2ರಲ್ಲಿ. ಮುಗಿದ ಇಟರೇಟರ್ ಮುಗಿದೇ ಇರಬೇಕು, ಮತ್ತೆ ಕೇಳಿದರೂ ಸ್ಟಾಪ್‌ಇಟರೇಷನ್ನನ್ನೇ ಕೊಡಬೇಕು. ಫಾರ್ ಲೂಪಿಗೆ ಅದು ತಪ್ಪಲ್ಲ, 'ಇಲ್ಲಿಗೆ ಮುಗಿಯಿತು' ಅನ್ನುವ ಮಾಮೂಲಿ ಸುದ್ದಿ.

ಯಾರಾದರೂ ಬಂದು '__ಇಟರ್__ ಒಳಗೆ ಸೆಲ್ಫ್.ಈಗ = 0 ಅಂತ ಬರೆದುಬಿಡಿ' ಅನ್ನಬಹುದು. ದಯವಿಟ್ಟು ಮಾಡಬೇಡಿ. ನಾಳೆ ನೀವೇ ಬಿಳಿ, ಗುಲಾಬಿ ಎರಡನ್ನೂ ಒಟ್ಟಿಗೆ ತೆಗೆಯೋಣ ಅಂತ ಜಿಪ್(ಹಾಳೆ, ಹಾಳೆ) ಬರೆದಿರಿ ಅಂದುಕೊಳ್ಳಿ (ಜಿಪ್ ಅಂದರೆ ಪ್ರತಿಯೊಂದರಿಂದಲೂ ಒಂದೊಂದು ತೆಗೆದು ಜೋಡಿಸಿ ಕೊಡುವುದು). ಎರಡೂ ಕಡೆ ಒಂದೇ ಲೆಕ್ಕ ಓಡುತ್ತದೆ: ಬಿಳಿಗೆ 1001ರ ಹಾಳೆ, ಗುಲಾಬಿಗೆ 1002ರ ಹಾಳೆ. ಖಾಲಿ ಪಿಡಿಎಫ್ ಆದರೆ ಕಣ್ಣಿಗೆ ಬೀಳುತ್ತದೆ, ಇದು ಬೈಂಡಿಂಗ್ ಆದ ಮೇಲೆ ಗೊತ್ತಾಗುತ್ತದೆ.

ಸರಿಯಾದ ದಾರಿ ಚಿಕ್ಕದು. __ನೆಕ್ಸ್ಟ್__ ತೆಗೆದುಹಾಕಿ, __ಇಟರ್__ ಒಳಗೇ ಯೀಲ್ಡ್ ಬಳಸಿ:

    ಡೆಫ್ __ಇಟರ್__(ಸೆಲ್ಫ್):
        ಫಾರ್ ಈಗ ಇನ್ ರೇಂಜ್(238):
            ಯೀಲ್ಡ್ [1001 + ಈಗ + 238 * ಕ ಫಾರ್ ಕ ಇನ್ ರೇಂಜ್(4)]

ಯೀಲ್ಡ್ ಇರುವ __ಇಟರ್__ ಅನ್ನು ಕರೆದಾಗಲೆಲ್ಲ ಹೊಸ ಜನರೇಟರ್, ಅಂದರೆ ಪೈಥಾನೇ ಮಾಡಿಕೊಡುವ ಇಟರೇಟರ್, ಹುಟ್ಟುತ್ತದೆ, 'ಈಗ' ಅದರ ಒಳಗಿನ ಮಾತಾಗುತ್ತದೆ.

ಇನ್ನೊಂದು. ನಿಮ್ಮ ಕೊನೇ ಎರಡು ಹಾಳೆ ನೋಡಿಕೊಳ್ಳಿ. 237ನೇ ಹಾಳೆಯ ನಾಲ್ಕನೇ ರಸೀದಿಗೆ 1951, 238ನೆಯದಕ್ಕೆ 1952 ಬೀಳುತ್ತದೆ. ಟ್ರಸ್ಟ್ ಕೇಳಿದ್ದು 1950ರವರೆಗೆ. ದೇವಸ್ಥಾನದ ರಸೀದಿಯಲ್ಲಿ ಎರಡು ನಂಬರ್ ಜಾಸ್ತಿ ಹೊರಗೆ ಹೋಯಿತು ಅಂದರೆ ಆಡಿಟ್‌ನವರು ಸುಮ್ಮನಿರುವುದಿಲ್ಲ.

ಟ್ರೆಡಲ್_ಮಾಮ:

ನಮಸ್ಕಾರ್ರಿ ಗದಗದವ್ರ. ನಾನು ಹುಬ್ಬಳ್ಳಿಯಂವ, ಕೋಡು ಗೀಡು ನನಗ ತಿಳಿಯೂದಿಲ್ಲ, ನಮ್ಮ ಹುಡುಗ ಇದನ್ನ ಓದಿ ತೋರಿಸಿದ. ಟ್ರೆಡಲ್ ಮ್ಯಾಲೆ ಮೊಳೆ ಜೋಡಿಸಿದ ಕಾಲದಿಂದ ಬಿಲ್ ಬುಕ್ ಮಾಡಾಕತ್ತೇನಿ, ಅದಕ್ಕ ಒಂದು ಮಾತು ಹೇಳ್ತೇನಿ.

238 ಅನ್ನೂದ ತಪ್ಪು ಲೆಕ್ಕ ರೀ. ನಿಮ್ಮ ಮೊದಲನೇ ಕಟ್ಟು 1001ರಿಂದ 1238. ಅದರಾಗ 50ರ ಪುಸ್ತಕ ನಾಕು ಬರ್ತಾವ, ಮ್ಯಾಲೆ 38 ಹಾಳಿ ಉಳೀತಾವ. ಆ 38ಕ್ಕ ಎರಡನೇ ಕಟ್ಟಿನಿಂದ 12 ಹಾಳಿ ಎಣಿಸಿ ತಗದು ಸೇರಿಸಬೇಕು. ಮುಂದಿನ ಎರಡು ಜೋಡಿನಾಗೂ ಹಿಂಗ. ಬಿಳಿ ಬ್ಯಾರೆ, ಗುಲಾಬಿ ಬ್ಯಾರೆ. ಎಣಿಸೂ ಬೈಂಡರ್ ನಿಮ್ಮನ್ನ ಬೈತಾನ, ಒಂದು ಹಾಳಿ ಆಕಡೆ ಈಕಡೆ ಆತಂದ್ರ ಗಿರಾಕಿ ಬೈತಾನ.

ಕಟ್ಟು ಯಾವಾಗ್ಲೂ ಪುಸ್ತಕದ ಲೆಕ್ಕಕ್ಕ ತುಂಡಾಗಬೇಕು. 250 ಹಾಳಿ ಹಾಕ್ರಿ. 1001ರಿಂದ 1250, 1251ರಿಂದ 1500, 1501ರಿಂದ 1750: ಒಂದೊಂದು ಕಟ್ಟಿಗೆ ಐದೈದು ಪುಸ್ತಕ. ಕಡೀ ಕಟ್ಟು 1751ರಿಂದ 1950, ನಾಕು ಪುಸ್ತಕ. ಹತ್ತೊಂಬತ್ತು ಆತಲ್ರಿ? ಕಡೀ 50 ಹಾಳಿಯೊಳಗ ಒಂದೊಂದು ಕಾಲು ಭಾಗ ಖಾಲಿ ಹೋಗ್ತದ, ಹೋಗವಲ್ದ್ಯಾಕ. ಅದನ್ನ ಕತ್ತರಿಸಿ ಚೀಟಿ ಪ್ಯಾಡ್ ಮಾಡಿ ಕಿರಾಣಿ ಅಂಗಡಿಗೆ ಕೊಟ್ರಾತು.

ಖಾಲಿ ಜಾಗಾದಾಗ ನಂಬರ್ ಬರೀಬ್ಯಾಡ್ರಿ, ಅಷ್ಟ ನೆನಪಿಡ್ರಿ.

ಪಟ್ಟಿ_ಸಾಕು:

ಮಾಮನ ಲೆಕ್ಕಕ್ಕೆ ಕೈ ಮುಗಿದೆ. ಆದರೆ ಯೀಲ್ಡ್_ಆಚಾರಿಯವರಿಗೆ ಒಂದು ತಕರಾರು. 250 ಹಾಳೆಗೆ ಇಟರೇಟರ್ ಯಾಕೆ ಸ್ವಾಮಿ? ಇಟರೇಟರಿನ ಲಾಭ ಇರುವುದು ಕೋಟಿಗಟ್ಟಲೆ ಸಂಖ್ಯೆ ಇದ್ದಾಗ, ಎಲ್ಲವನ್ನೂ ಮೆಮೊರಿಯಲ್ಲಿ ತುಂಬಬಾರದು ಅನ್ನುವಾಗ. ಇಲ್ಲಿ ಒಂದು ಲಿಸ್ಟ್ ಮಾಡಿದರೆ ಎಷ್ಟು ಸಲ ಬೇಕಾದರೂ ಓಡಿಸಬಹುದು, 117ನೇ ಹಾಳೆ ಬೇಕೆಂದರೆ ಹಾಳೆ[116] ಅಂದರಾಯಿತು. ಕ್ಲಾಸೇ ಬೇಡ:

    ಹಾಳೆ = ಲಿಸ್ಟ್(ಜಿಪ್(ರೇಂಜ್(1001, 1251), ರೇಂಜ್(1251, 1501), ರೇಂಜ್(1501, 1751), ರೇಂಜ್(1751, 1951)))

ಯೀಲ್ಡ್_ಆಚಾರಿ:

@ಪಟ್ಟಿ_ಸಾಕು, ಲಿಸ್ಟ್ ಸಾಕು ಅನ್ನುವ ಮಾತು ಒಪ್ಪಿದೆ, ಇಷ್ಟು ಚಿಕ್ಕ ಕೆಲಸಕ್ಕೆ ನಾನಾದರೂ ಲಿಸ್ಟೇ ಮಾಡುತ್ತಿದ್ದೆ. ಆದರೆ ನಿಮ್ಮ ಸಾಲು ಓಡಿಸಿ ಲೆನ್(ಹಾಳೆ) ನೋಡಿ: 200. ಜಿಪ್ ಅತಿ ಚಿಕ್ಕದು ಮುಗಿದ ಕೂಡಲೇ ನಿಲ್ಲುತ್ತದೆ. ನಾಲ್ಕನೇ ಕಟ್ಟು 200ಕ್ಕೆ ಮುಗಿಯಿತು ಅಂತ ಉಳಿದ ಮೂರರಿಂದಲೂ ಐವತ್ತೈವತ್ತು ರಸೀದಿ ಮಾಯ. ಮೂರು ಪುಸ್ತಕ ಹೋಯಿತು, ಅದೂ ಸದ್ದಿಲ್ಲದೆ. ಇಟರ್‌ಟೂಲ್ಸ್‌ನ ಜಿಪ್_ಲಾಂಗೆಸ್ಟ್ ಬಳಸಿದರೆ ಖಾಲಿ ಜಾಗಕ್ಕೆ ನನ್, ಅಂದರೆ 'ಏನೂ ಇಲ್ಲ' ಅನ್ನುವ ಗುರುತು, ಬರುತ್ತದೆ. ಪೈಥಾನ್ 3.10ರಿಂದ ಜಿಪ್‌ಗೇ ಸ್ಟ್ರಿಕ್ಟ್=ಟ್ರೂ ಅಂತ ಕೊಡಬಹುದು, ಉದ್ದ ಹೊಂದದಿದ್ದರೆ ವ್ಯಾಲ್ಯೂಎರರ್ ಕೊಡುತ್ತದೆ. ನಮಗೆ ಇಲ್ಲಿ ಬೇಕಾದದ್ದು ಮೊದಲನೆಯದು.

ಆದರೆ ಇದಕ್ಕಿಂತ ಚಂದದ ದಾರಿ ರೇಂಜ್‌ನಲ್ಲೇ ಇದೆ. ಜನ ಇದನ್ನು ಅಷ್ಟಾಗಿ ಬಳಸುವುದಿಲ್ಲ. ರೇಂಜ್‌ನ್ನೂ ಲಿಸ್ಟಿನ ಹಾಗೆ ಸ್ಲೈಸ್ ಮಾಡಬಹುದು, ಅಂದರೆ ಬೇಕಾದ ಭಾಗವನ್ನಷ್ಟೇ ತೆಗೆಯಬಹುದು, ಪೈಥಾನ್ 3.2ರಿಂದ. ಸ್ಲೈಸ್ ಮಾಡಿದರೆ ಸಿಗುವುದೂ ಇನ್ನೊಂದು ರೇಂಜೇ, ಸಂಖ್ಯೆಗಳ ರಾಶಿಯಲ್ಲ.

    ಆರ್ = ರೇಂಜ್(1001, 1951)
    ಆರ್[116::250]

ಅಂದರೆ 117ನೇ ಸ್ಥಾನದಿಂದ ಶುರುವಾಗಿ 250ರ ಹೆಜ್ಜೆ ಹಾಕುತ್ತ ಹೋಗು: 1117, 1367, 1617, 1867. ನಿಮ್ಮ 117ನೇ ಹಾಳೆ ಅದೇ! 201ನೇ ಹಾಳೆಗೆ ಆರ್[200::250] ಅಂದರೆ 1201, 1451, 1701, ಮೂರೇ. 1951 ಆರ್ ಒಳಗೆ ಇಲ್ಲ, ಹಾಗಾಗಿ ಬರುವುದೂ ಇಲ್ಲ. ಮಾಮ ಹೇಳಿದ ಖಾಲಿ ಜಾಗ ಯಾವ ಇಫ್ ಇಲ್ಲದೆ ಖಾಲಿಯೇ ಉಳಿಯುತ್ತದೆ.

1951 ಅಂತ ಬರೆಯುವುದು ಕಣ್ಣಿಗೆ ಚುಚ್ಚುತ್ತದೆ ನಿಜ. ಮೊದಲನೆಯದು ಸೇರಬೇಕು, ಕೊನೆಯದು ಸೇರಬಾರದು ಅನ್ನುವ ಪದ್ಧತಿಯ ಪರವಾಗಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1982ರಲ್ಲೇ ಒಂದು ಸಣ್ಣ ಟಿಪ್ಪಣಿ ಬರೆದಿದ್ದಾರೆ. ಒಂದು ಲಾಭ ನಿಮ್ಮ ಕೆಲಸದಲ್ಲೇ ಕಾಣುತ್ತದೆ: ಎಣಿಕೆ ಬೇಕೆಂದರೆ 1951ರಿಂದ 1001 ಕಳೆದರೆ ಸಾಕು, 950. ಒಂದು ಕಟ್ಟು ಮುಗಿಯುವ ಸಂಖ್ಯೆಯಲ್ಲೇ ಇನ್ನೊಂದು ಶುರುವಾಗುತ್ತದೆ, ನಡುವೆ ಬಿಡುವೂ ಇಲ್ಲ, ಎರಡು ಸಲ ಎಣಿಸುವುದೂ ಇಲ್ಲ. ಆದರೆ ಗಿರಾಕಿ ಹೇಳುವುದು '1950ರವರೆಗೆ' ಅಂತಲೇ. ಆದ್ದರಿಂದ ಕ್ಲಾಸಿನ ಬಾಗಿಲಲ್ಲಿ ಗಿರಾಕಿಯ ಭಾಷೆ ಇರಲಿ, ಕೊನೆ + 1 ಅನ್ನುವುದನ್ನು ಒಳಗೆ ಒಂದೇ ಜಾಗದಲ್ಲಿ ಬರೆದು ಮರೆತುಬಿಡಿ:

    ಕ್ಲಾಸ್ ಹಾಳೆಗಳು:
        ಡೆಫ್ __ಇನಿಟ್__(ಸೆಲ್ಫ್, ಮೊದಲು, ಕೊನೆ, ಪುಟಕ್ಕೆ=4, ಪುಸ್ತಕ=50):
            ಸೆಲ್ಫ್.ಆರ್ = ರೇಂಜ್(ಮೊದಲು, ಕೊನೆ + 1)
            ಸೆಲ್ಫ್.ಎತ್ತರ = -(-ಲೆನ್(ಸೆಲ್ಫ್.ಆರ್) // (ಪುಟಕ್ಕೆ * ಪುಸ್ತಕ)) * ಪುಸ್ತಕ
        ಡೆಫ್ __ಲೆನ್__(ಸೆಲ್ಫ್):
            ರಿಟರ್ನ್ ಸೆಲ್ಫ್.ಎತ್ತರ
        ಡೆಫ್ __ಗೆಟ್‌ಐಟಂ__(ಸೆಲ್ಫ್, ಐ):
            ಇಫ್ ನಾಟ್ 0 <= ಐ < ಸೆಲ್ಫ್.ಎತ್ತರ:
                ರೇಸ್ ಇಂಡೆಕ್ಸ್‌ಎರರ್
            ರಿಟರ್ನ್ ಸೆಲ್ಫ್.ಆರ್[ಐ::ಸೆಲ್ಫ್.ಎತ್ತರ]

ಎತ್ತರ ಅಂದರೆ ಒಂದು ಕಟ್ಟಿನ ಹಾಳೆಗಳ ಎಣಿಕೆ. ಆ ಸಾಲಿನಲ್ಲಿ ಎರಡು ಮೈನಸ್ ಯಾಕೆ ಅಂದರೆ, ಎರಡು ಸ್ಲ್ಯಾಶ್‌ನ ಭಾಗಾಕಾರ ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೆ ಇಳಿಸುತ್ತದೆ. ಋಣ ಸಂಖ್ಯೆ ಮಾಡಿ ಇಳಿಸಿ ಮತ್ತೆ ತಿರುಗಿಸಿದರೆ ಮೇಲಕ್ಕೆ ಏರಿಸಿದಂತೆ. 950ನ್ನು 200ರಿಂದ ಭಾಗಿಸಿದರೆ 4.75, ಅದು 5 ಆಗುತ್ತದೆ, 50ರಿಂದ ಗುಣಿಸಿದರೆ ಮಾಮನ 250.

__ಇಟರ್__ ಎಲ್ಲಿ ಅಂತ ಕೇಳುತ್ತೀರಿ. ಇಲ್ಲದಿದ್ದರೂ ನಡೆಯುತ್ತದೆ. __ಇಟರ್__ ಸಿಗದಿದ್ದರೆ ಪೈಥಾನ್ ಹಳೇ ಪದ್ಧತಿಗೆ ಇಳಿಯುತ್ತದೆ: 0, 1, 2 ಅಂತ __ಗೆಟ್‌ಐಟಂ__ ಅನ್ನು ಕೇಳುತ್ತ ಹೋಗಿ, ಇಂಡೆಕ್ಸ್‌ಎರರ್ ಬಂದಾಗ ನಿಲ್ಲುತ್ತದೆ. ಅದಕ್ಕೇ ಆ ಇಫ್ ಬಹಳ ಮುಖ್ಯ. ಸ್ಲೈಸ್ ಎಂದೂ ಇಂಡೆಕ್ಸ್‌ಎರರ್ ಕೊಡುವುದಿಲ್ಲ, ಹದ್ದು ಮೀರಿದರೆ ಖಾಲಿ ರೇಂಜ್ ಕೊಟ್ಟು ಸುಮ್ಮನಾಗುತ್ತದೆ. ಇಫ್ ಬರೆಯದಿದ್ದರೆ ಲೂಪ್ ನಿಲ್ಲುವುದೇ ಇಲ್ಲ, ಪಿಡಿಎಫ್ ಬೆಳೆಯುತ್ತಲೇ ಇರುತ್ತದೆ.

ಜಾಮ್ ಆದರೆ: ಫಾರ್ ಐ ಇನ್ ರೇಂಜ್(116, ಲೆನ್(ಹಾಳೆ)) ಅಂತ ಓಡಿಸಿ ಹಾಳೆ[ಐ] ತೆಗೆಯಿರಿ.

ಕಟಿಂಗ್‌ನಲ್ಲಿ ಯಾವುದೋ ಒಂದು ರಸೀದಿ ಕೆಟ್ಟರೆ? 1867 ಅಂದುಕೊಳ್ಳಿ. ಡಿವ್‌ಮಾಡ್(ಆರ್.ಇಂಡೆಕ್ಸ್(1867), 250) ಅಂದರೆ ಭಾಗಲಬ್ಧ, ಶೇಷ ಎರಡೂ ಒಟ್ಟಿಗೆ (3, 116) ಅಂತ ಬರುತ್ತದೆ. ಎಣಿಕೆ ಸೊನ್ನೆಯಿಂದ, ಆದ್ದರಿಂದ 117ನೇ ಹಾಳೆ, ನಾಲ್ಕನೇ ಜಾಗ. ಇಲ್ಲಿ ಇಂಡೆಕ್ಸ್ ಒಂದೊಂದೇ ಹುಡುಕುವುದಿಲ್ಲ, ಕಳೆದು ಭಾಗಿಸಿ ನೇರ ಹೇಳುತ್ತದೆ.

ಗದಗ_ಬಿಲ್‌ಬುಕ್:

ಯೀಲ್ಡ್_ಆಚಾರಿಯವರೇ, ಮಾಮಾ, ಇಬ್ಬರಿಗೂ ಶರಣು. ಬಿಳಿ 250, ಗುಲಾಬಿ 250, ಎರಡೂ ಬಂದವು. ನಮ್ಮ ಬೈಂಡರ್‌ಗೆ 250ರ ಕಟ್ಟು ತೋರಿಸಿದರೆ 'ಇದನ್ನು ಮೊದಲೇ ಕಲಿಯಬಾರದಿತ್ತೇನು' ಅಂದ. ಹುಬ್ಬಳ್ಳಿಯವರ ಹೆಸರು ಹೇಳಿ ತಪ್ಪಿಸಿಕೊಂಡೆ.

ಮೂರು ಸಂಗತಿ ಉಳಿದಿವೆ. ಒಂದು, ಕಂಪ್ಯೂಟರಿನಲ್ಲಿ ವೇರಿಯಬಲ್‌ಗಳಿಗೆ ಕನ್ನಡ ಹೆಸರೇ ಇಟ್ಟಿದ್ದೇನೆ. ಎತ್ತರ, ಕೊನೆ ಎಲ್ಲ ಸರಿ. ಆದರೆ ಪೇಪರ್‌ಬಣ್ಣ ಅಂತ ಬರೆದ ಕೂಡಲೇ ಸಿಂಟ್ಯಾಕ್ಸ್‌ಎರರ್, ಕಾಣದ ಅಕ್ಷರ ಯು+200ಸಿ ಅಂತೆ. ಎರಡು, ಟ್ರಸ್ಟ್‌ನವರು ಈಗ ನಂಬರ್ ಕನ್ನಡ ಅಂಕಿಯಲ್ಲಿ, ಐದು ಸ್ಥಾನಕ್ಕೆ ಬೇಕು ಅನ್ನುತ್ತಿದ್ದಾರೆ. ಮೂರು, ಗುಲಾಬಿ ಕಾಗದ ಸ್ವಲ್ಪ ದಪ್ಪ, ಸುರುಳಿಯಾಗದಿರಲಿ ಅಂತ ಪ್ರಿಂಟರಿನ ಹಿಂದಿನ ಬಾಗಿಲು ತೆಗೆದು ನೇರ ಹೊರಗೆ ಬಿಡುತ್ತೇನೆ. ಆಗ ಹಾಳೆ ಮುಖ ಮೇಲಾಗಿ ಬೀಳುತ್ತದೆ, 250ನೇ ಹಾಳೆ ಮೇಲೆ, ಮೊದಲನೆಯದು ತಳದಲ್ಲಿ. ಬಿಳಿಯ ಜೊತೆ ಜೋಡಿಸಲು ಕಟ್ಟನ್ನೆಲ್ಲ ತಿರುವಿ ಹಾಕಬೇಕು. ಕೊನೆಯಿಂದ ಮೊದಲಿಗೆ ಪ್ರಿಂಟ್ ಕೊಡಲು ಇನ್ನೊಂದು ಕ್ಲಾಸ್ ಬರೆಯಬೇಕೇ?

ಯೀಲ್ಡ್_ಆಚಾರಿ:

ಒಂದು. 'ರ್' ಆದ ಮೇಲೆ 'ಬ' ಒತ್ತಕ್ಷರವಾಗದಿರಲಿ ಅಂತ ಕೀಬೋರ್ಡ್ ನಡುವೆ ಒಂದು ಅಗೋಚರ ಅಕ್ಷರ ಹಾಕುತ್ತದೆ, ಜೀರೋ ವಿಡ್ತ್ ನಾನ್ ಜಾಯ್ನರ್. ಪೈಥಾನ್ 3 ಕನ್ನಡದ ಅಕ್ಷರ, ಗುಣಿತ, ಒತ್ತು ಎಲ್ಲವನ್ನೂ ಹೆಸರಿನಲ್ಲಿ ಬಿಡುತ್ತದೆ, ಇದೊಂದನ್ನು ಬಿಡುವುದಿಲ್ಲ. ಪೇಪರ್_ಬಣ್ಣ ಅಂತ ನಡುವೆ ಅಂಡರ್‌ಸ್ಕೋರ್ ಹಾಕಿ, ಆದರೆ 'ರ್' ಆದ ಮೇಲೆ ಅದು ಉಳಿದುಕೊಂಡಿದ್ದರೆ ಅಳಿಸಿ. ಇಲ್ಲವೇ 'ಬಣ್ಣ' ಅಂತಷ್ಟೇ ಬರೆಯಿರಿ, ತಲೆನೋವೇ ಇಲ್ಲ.

ಎರಡು. ಸ್ಟ್ರಿಂಗಿನ ಮೇಕ್‌ಟ್ರಾನ್ಸ್‌ಗೆ '0123456789' ಮತ್ತು '೦೧೨೩೪೫೬೭೮೯' ಕೊಟ್ಟು ಒಂದು ಕೋಷ್ಟಕ ಮಾಡಿಟ್ಟುಕೊಳ್ಳಿ. ಮೊದಲು 05ಡಿ ಫಾರ್ಮ್ಯಾಟಿನಲ್ಲಿ 01001 ಮಾಡಿ, ಆಮೇಲೆ ಟ್ರಾನ್ಸ್‌ಲೇಟ್‌ಗೆ ಕೊಟ್ಟರೆ ೦೧೦೦೧. ಈ ಬದಲಾವಣೆ ಪುಟದ ಮೇಲೆ ಬರೆಯುವ ಕೊನೇ ಗಳಿಗೆಯಲ್ಲಿ ಮಾತ್ರ ಆಗಲಿ, ಹಾಳೆಗಳು ಕ್ಲಾಸಿನೊಳಗೆ ತರಬೇಡಿ, ಅಲ್ಲಿ ಬರೀ ಸಂಖ್ಯೆ ಇರಲಿ. ತಿರುಗಾ ಓದಲು ಏನೂ ಮಾಡಬೇಕಿಲ್ಲ: ಇಂಟ್('೧೦೦೧') ಅಂದರೆ ಪೈಥಾನ್ 1001 ಅಂತಲೇ ಓದಿಕೊಳ್ಳುತ್ತದೆ. ಟ್ರಸ್ಟ್‌ನವರು ಆರ್ಡರ್ ಫಾರಂನಲ್ಲಿ ಕನ್ನಡ ಅಂಕಿ ಟೈಪ್ ಮಾಡಿ ಕಳಿಸಿದರೂ ನಡೆಯುತ್ತದೆ.

ಮೂರು. ಇನ್ನೊಂದು ಕ್ಲಾಸ್ ಬೇಡ. ಫಾರ್ ಸಾಲು ಇನ್ ರಿವರ್ಸ್ಡ್(ಹಾಳೆ) ಅಂತ ಬರೆಯಿರಿ. __ಲೆನ್__, __ಗೆಟ್‌ಐಟಂ__ ಎರಡೂ ಇದ್ದರೆ ರಿವರ್ಸ್ಡ್ ತಾನೇ 249ರಿಂದ 0ಗೆ ಇಳಿಯುತ್ತದೆ. ಬರೀ ಜನರೇಟರ್ ಕೊಟ್ಟಿದ್ದರೆ ಇಲ್ಲಿ ಟೈಪ್‌ಎರರ್ ಬರುತ್ತಿತ್ತು, ಮುಂದಕ್ಕೆ ಮಾತ್ರ ನಡೆಯಬಲ್ಲದ್ದನ್ನು ಹಿಂದಕ್ಕೆ ನಡೆಸಲು ಬರುವುದಿಲ್ಲ.

ಟ್ರೆಡಲ್_ಮಾಮ:

ಉಲ್ಟಾ ತಗಿಯೂದು ಆದ್ರ ಕಡೀ ಪುಸ್ತಕದ ಖಾಲಿ ಕಾಲು ಭಾಗದ ಹಾಳಿ 50 ಮೊದಲ ಬರ್ತಾವ, ನೋಡಿ ಗಾಬರಿ ಆಗಬ್ಯಾಡ್ರಿ. ಮತ್ತ ಗುಲಾಬಿ ಹಾಳಿ ಪೂರಾ 250 ಹಾಕೂಕಿಂತ ಮೊದಲ ಎರಡು ಹಾಳಿ ತಗದು, ಬಿಳಿ ಮ್ಯಾಲೆ ಇಟ್ಟು, ಬೆಳಕಿಗೆ ಹಿಡಿದು ನಂಬರ್ ಮ್ಯಾಲೆ ನಂಬರ್ ಕೂತದೋ ಇಲ್ಲೋ ನೋಡ್ರಿ.